ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲು

ಬೇಕರಿಯವರು ಅವಳಿಗೆ ಇಟ್ಟ ಹೊಸ ಹೆಸರು ಬ್ರೇಕಿಲ್ಲದಕ್ಕ. ಹಾಗೆ ಕರೆದಾಗಲೆಲ್ಲ ಅವಳೂ ಎಲ್ಲರ ಜೊತೆ ಸೇರಿ ನಗುತ್ತಿದ್ದಳು. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಒಂದೂವರೆ ತಿಂಗಳ ಹಿಂದಿನ ತನಕ ಅವಳು ಬರೀ ಬ್ರೆಡ್ಡಿನಕ್ಕ. ಬೇಕರಿ ಇರುವುದು ದಿಣ್ಣೆಯ ಮೇಲೆ, ಆಸ್ಪತ್ರೆ ಮತ್ತು ಹಾಸ್ಟೆಲ್ಲು ಇಳಿಜಾರಿನ ಬುಡದಲ್ಲಿ. ಹದಿನಾಲ್ಕು ವರ್ಷ ದಿನಕ್ಕೆ ಮೂರು ಸಲ ಸೈಕಲ್ಲಿನ ಮುಂದೆ ಟ್ರೇ ಪೇರಿಸಿಕೊಂಡು ಆ ಇಳಿಜಾರು ಇಳಿದವಳು. ಮದುವೆಯೂ ಆಗಿತ್ತು, ಅದು ಮುಗಿದೂ ಆಗಿತ್ತು. ಆ ಕತೆ ಇಲ್ಲಿ ಬೇಡ. ಅಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದಳು, ಯಾರ ಹಂಗೂ ಇಲ್ಲದೆ ಇದ್ದಳು. ಹಂಗಿಲ್ಲದೆ ಇರಲು ಸಾಧ್ಯವಾಗಿದ್ದು ಆ ಸೈಕಲ್ಲಿನಿಂದ.

ಎರಡು ವರ್ಷದ ಹಿಂದೆ ಎಡ ಮಂಡಿ ಕೈಕೊಡಲು ಶುರುಮಾಡಿತು. ಇಳಿಯುವಾಗ ತೊಂದರೆ ಇರಲಿಲ್ಲ, ಖಾಲಿ ಟ್ರೇ ಹೊತ್ತು ವಾಪಸ್ಸು ಏರುವಾಗ ಜೀವ ಬಾಯಿಗೆ ಬರುತ್ತಿತ್ತು. ಅದನ್ನು ನೋಡಲಾರದೆ ಅವಳ ತಮ್ಮ ಆ ಸೈಕಲ್ಲಿಗೆ ಮೋಟಾರು ಕೂರಿಸಿಕೊಟ್ಟ. ಬೇಕರಿಯ ಪಕ್ಕದಲ್ಲೇ ಅವನ ಗ್ಯಾರೇಜು. ಅವನ ಕೈಗೆ ಬಂದ ಗಾಡಿ ಸತ್ತಿದ್ದರೂ ಎದ್ದು ಕೂರುತ್ತದೆ ಎಂದು ಜನ ಹೊಗಳುತ್ತಿದ್ದರು. ಅವಳೂ ಹೊಗಳುತ್ತಿದ್ದಳು, ಸ್ವಲ್ಪ ಜಾಸ್ತಿಯೇ. ಅಪ್ಪನ ಸೈಕಲ್ ಅಂಗಡಿಯಲ್ಲಿ ಅವನಿಗೆ ಪಂಕ್ಚರ್ ಹಾಕುವುದನ್ನು, ಚಕ್ರದ ಕಡ್ಡಿ ಬಿಗಿಯುವುದನ್ನು ಕಲಿಸಿದವಳು ಇವಳೇ. ಆಮೇಲೆ ಅಂಗಡಿ ಅವನದಾಯಿತು, ಇವಳು ಬ್ರೆಡ್ಡಿಗೆ ಬಂದಳು. ಅದರ ಬಗ್ಗೆ ಅವಳು ಒಂದು ದಿನವೂ ತಕರಾರು ಎತ್ತಿರಲಿಲ್ಲ.

ಆ ಸೈಕಲ್ಲಿಗೆ ಕೈಬ್ರೇಕು ಇಲ್ಲ. ಟ್ರೇ ಕೂರಿಸಲು ಅಡ್ಡ ಬರುತ್ತದೆ ಎಂದು ಮುಂದಿನ ಬ್ರೇಕನ್ನು ಎಂದೋ ಕಿತ್ತಿದ್ದರು. ಇರುವುದು ಒಂದೇ, ಹಿಂದಿನ ಚಕ್ರದ ಹೊಟ್ಟೆಯೊಳಗಿನ ಬ್ರೇಕು. ಪೆಡಲನ್ನು ಹಿಂದಕ್ಕೆ ತುಳಿದರೆ ಚಕ್ರ ನಿಲ್ಲುತ್ತದೆ. ಮೋಟಾರು ಬಂದ ಒಂಬತ್ತನೇ ದಿನ, ತುಂಬಿದ ಟ್ರೇ ಹೊತ್ತು ಇಳಿಯುತ್ತಿದ್ದಾಗ, ಅವಳು ಹಿಂದಕ್ಕೆ ತುಳಿದಳು. ಒಂದು ಕ್ಷಣ ಹಿಡಿದಂತಾಯಿತು. ಟಕ್ ಎಂದು ಏನೋ ಸದ್ದು. ಆಮೇಲೆ ಕಾಲಿನ ಕೆಳಗೆ ಏನೂ ಇಲ್ಲ. ಆಸ್ಪತ್ರೆಯ ಕಾಂಪೌಂಡ್ ಗೋಡೆ ಅವಳನ್ನು ನಿಲ್ಲಿಸಿತು. ಭುಜದ ಮೂಳೆ ಮುರಿಯಿತು, ಎಪ್ಪತ್ತು ಬ್ರೆಡ್ಡು ರಸ್ತೆಯ ಪಾಲಾಯಿತು.

ಬೇಕರಿಯ ಕಡೆಯಿಂದ ಮೊದಲು ಓಡಿ ಬಂದವನು ತಮ್ಮನೇ. ಅಕ್ಕನನ್ನು ಸ್ಟ್ರೆಚರಿಗೆ ಹಾಕಿದ ಮೇಲೆ, "ಸೈಕಲ್ ಯಾರೂ ಮುಟ್ಬೇಡಿ" ಎಂದು ಕೂಗಿ ತಾನೇ ಹೆಗಲ ಮೇಲೆ ಹೊತ್ತುಕೊಂಡು ಗ್ಯಾರೇಜಿಗೆ ಹೋದನಂತೆ. ಸಂಜೆ ವಾರ್ಡಿನಲ್ಲಿ, ಬೇಕರಿ ಯಜಮಾನರ ಎದುರಿಗೇ, ಮಂಚದ ತುದಿಯಲ್ಲಿ ಕೂತು ಹೇಳಿದ: "ಬ್ರೇಕ್ ಕಂಡಿಷನ್ನಾಗೇ ಇದೆ. ಅಕ್ಕ ಗಾಬ್ರಿಯಲ್ಲಿ ಹಿಂದಕ್ಕೆ ತುಳಿಯೋ ಬದ್ಲು ಮುಂದಕ್ಕೆ ತುಳಿದುಬಿಟ್ಟಿದಾಳೆ."

"ಟಕ್ ಅಂತು ಕಣೋ," ಎಂದಳು ಅವಳು.

"ಅದು ನಿನ್ನ ಎದೆ ಹೊಡ್ಕೊಂಡಿದ್ದು ಅಕ್ಕಾ," ಎಂದ. ಎಲ್ಲರೂ ನಕ್ಕರು.

ಅವಳು ನಂಬಿದಳು. ಯಾಕೆ ನಂಬಬಾರದು? ಅವನು ಮೆಕ್ಯಾನಿಕ್ಕು, ಅದಕ್ಕಿಂತ ಹೆಚ್ಚಾಗಿ ತಮ್ಮ. ಯಜಮಾನರು ಇಳಿಜಾರಿನ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟು ಇವಳನ್ನು ಬ್ರೆಡ್ಡಿನ ಕವರಿಗೆ ಗಂಟು ಹಾಕುವ ಮೇಜಿಗೆ ಕೂರಿಸಿದರು. ಒಂದು ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡು ಇನ್ನೊಂದೇ ಕೈಯಲ್ಲಿ ಗಂಟು ಹಾಕಿದಳು. ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗಾಳಿಯಲ್ಲಿ ಕಾಲು ಆಡಿಸುತ್ತಿದ್ದಳು. ಮುಂದಕ್ಕೆ, ಮುಂದಕ್ಕೆ, ಈಗ ಹಿಂದಕ್ಕೆ. ಮುಂದಕ್ಕೆ, ಈಗ ಹಿಂದಕ್ಕೆ. ತಪ್ಪಿದರೆ ಕಾಲಿಗೆ ತಾನೇ ಒಂದು ಏಟು ಕೊಟ್ಟುಕೊಳ್ಳುತ್ತಿದ್ದಳು. ಹದಿನಾಲ್ಕು ವರ್ಷ ತಪ್ಪದ ಕಾಲು ಅವತ್ತು ಹೇಗೆ ತಪ್ಪಿತು ಎಂದು ತಲೆ ಚಚ್ಚಿಕೊಳ್ಳುವುದು, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಒಂದೂವರೆ ತಿಂಗಳು ಇದೇ ನಡೆಯಿತು. ಅಮ್ಮ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದಳು.

ಸೈಕಲ್ಲಿನ ರಿಮ್ಮನ್ನು ತಮ್ಮ ನೆಟ್ಟಗೆ ಮಾಡಿ ತಂದುಕೊಟ್ಟ. ಮೋಟಾರು ಹಾಗೇ ಇತ್ತು, ಆದರೆ ಅದರ ಚೈನು ಕೂರುವ ಹಲ್ಲಿನ ಚಕ್ರವನ್ನು, ಅಂದರೆ ಹಿಂದಿನ ಸ್ಪ್ರಾಕೆಟ್ಟನ್ನು, ಬಿಚ್ಚಿ ಒಂದು ಚೀಲದಲ್ಲಿ ಹಾಕಿದ್ದ. "ಮೋಟಾರ್ ನಿಂಗೆ ಆಗಿಬರಲ್ಲಕ್ಕಾ, ಸುಮ್ನೆ ತಳ್ಕೊಂಡು ಓಡಾಡು," ಎಂದ. ಬುದ್ಧಿವಾದ ಬೇರೆ!

ಮೂಳೆ ಕೂಡಿದ ಮೇಲೆ ಅವಳು ಯಜಮಾನರ ಮುಂದೆ ಹೋಗಿ ನಿಂತಳು. ನನ್ನ ದಾರಿ ನನಗೆ ಕೊಡಿ ಎಂದಳು. ಅವರು ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ಸೋಮವಾರ ಗಾಡಿ ತಗೊಂಡು ಬಾ. ಮೋಟಾರಿಲ್ದೆ ನಿನ್ನ ಮಂಡಿ ಏರಲ್ಲ, ಗೊತ್ತು. ನಿನ್ನ ತಮ್ಮ ನೋಡಿ ಸರಿ ಇದೆ ಅಂದ್ರೆ ಕೊಡ್ತೀನಿ. ಇಲ್ಲಾಂದ್ರೆ ಮೇಜೇ ಗಟ್ಟಿ, ನನ್ನ ಬೈಬೇಡ," ಎಂದರು.

ತಮ್ಮನನ್ನು ಕೇಳಿದರೆ ಇವತ್ತು ಬಾ ನಾಳೆ ಬಾ ಎಂದು ಸಾಗಹಾಕಿದ. ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾವನ ಮನೆಗೆ ಹೋಗಿಬಿಟ್ಟ. ಆಗಲೇ ಅವಳಿಗೆ ಸಿಟ್ಟು ಬಂದಿದ್ದು. ಇವನಿಗೆ ಕಲಿಸಿದವಳು ನಾನು, ಇವನ ಬಾಗಿಲು ಕಾಯಬೇಕಾ ಎಂದುಕೊಂಡು ಮಧ್ಯಾಹ್ನ ಸೈಕಲ್ಲನ್ನು ಹಿತ್ತಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಳು. ಅಪ್ಪನ ಕಾಲದ ಸ್ಪ್ಯಾನರುಗಳು ತುಕ್ಕು ಹಿಡಿದಿದ್ದವು, ಕೈ ಮಾತ್ರ ಮರೆತಿರಲಿಲ್ಲ.

ಹಿಂದಿನ ಚಕ್ರ ಬಿಚ್ಚಿದಳು. ಮೋಟಾರಿನ ಚೈನು ಎಡಕ್ಕೆ, ಹಾಗಾಗಿ ಸ್ಪ್ರಾಕೆಟ್ಟೂ ಎಡಕ್ಕೇ ಕೂರಬೇಕು. ಅದೇ ಪಕ್ಕದಲ್ಲಿ ಬ್ರೇಕಿನ ತೋಳು ಇದೆ. ಗೇಣುದ್ದದ ಕಬ್ಬಿಣದ ಪಟ್ಟಿ, ಒಂದು ತುದಿ ಚಕ್ರದ ನಡುವಿನ ಹಬ್ಬಿಗೆ, ಇನ್ನೊಂದು ತುದಿ ಒಂದು ಸಣ್ಣ ಕ್ಲಾಂಪಿನಲ್ಲಿ ಸೈಕಲ್ಲಿನ ಕೊಳವೆಗೆ. ಹಿಂದಕ್ಕೆ ತುಳಿದಾಗ ಒಳಗಿನ ಬ್ರೇಕು ಚಕ್ರದ ಜೊತೆ ತಾನೂ ತಿರುಗಿಹೋಗದಂತೆ ಹಿಡಿದುಕೊಳ್ಳುವುದು ಈ ತೋಳು. ಅದನ್ನು ಬಿಚ್ಚದೆ ಸ್ಪ್ರಾಕೆಟ್ಟು ಒಳಗೆ ಹೋಗುವುದಿಲ್ಲ. ಬಿಚ್ಚಿದಳು. ಕಡ್ಡಿಗಳ ಒಳಗೊಂದು, ಹೊರಗೊಂದು ರಬ್ಬರ್ ಬಿಲ್ಲೆ ಇಟ್ಟು, ಅದರ ಮೇಲೆ ಸ್ಪ್ರಾಕೆಟ್ಟು ಕೂರಿಸಿ ಒಂಬತ್ತು ಬೋಲ್ಟು ಹಾಕಿದಳು. ಒಂದನ್ನೇ ಪೂರ್ತಿ ಬಿಗಿದರೆ ವಾಲುತ್ತದೆ. ಒಂದನ್ನು ಸ್ವಲ್ಪ, ಅದರ ಎದುರಿನದನ್ನು ಸ್ವಲ್ಪ, ಹೀಗೆ ಸುತ್ತು ಬಂದಳು. ಪಕ್ಕಕ್ಕೆ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿದಳು. ಎಲ್ಲಿ ತಾಗುತ್ತದೋ ಅಲ್ಲಿ ಬಿಗಿದಳು. ಆರೇಳು ಸಲಕ್ಕೆ ಹಲ್ಲುಗಳು ಅಲುಗಾಡದೆ ಓಡಿದವು. ಭುಜ ನೋಯುತ್ತಿತ್ತು, ಆದರೂ ಖುಷಿಯಾಯಿತು. ಎಷ್ಟೋ ವರ್ಷದ ಮೇಲೆ ಅಪ್ಪನ ಅಂಗಡಿಯ ವಾಸನೆ ಕೈಗೆ ಅಂಟಿತ್ತು.

ಖುಷಿ ಅಲ್ಲಿಗೆ ಮುಗಿಯಿತು. ತೋಳನ್ನು ವಾಪಸ್ಸು ಹಾಕಹೊರಟರೆ ಅದು ಬೋಲ್ಟಿನ ತಲೆಗಳಿಗೆ ಬಡಿಯುತ್ತಿತ್ತು. ಸ್ವಲ್ಪ ಹೊರಕ್ಕೆ ಎಳೆದರೆ ಕ್ಲಾಂಪು ಮುಟ್ಟುತ್ತಿರಲಿಲ್ಲ. ಅರ್ಧ ಬೆರಳಿನಷ್ಟು ಗಿಡ್ಡ. ಮತ್ತೆ ಬಿಚ್ಚಿದಳು, ಮತ್ತೆ ಹಾಕಿದಳು. ಊಹೂಂ. ಹಾಗಾದರೆ ತಮ್ಮ ಹೇಗೆ ಹಾಕಿದ್ದ? ಅವನು ಹಾಕಿದ್ದೂ ಇದೇ ಸ್ಪ್ರಾಕೆಟ್ಟು, ಇದೇ ತೋಳು, ಇದೇ ಕ್ಲಾಂಪು. ದಪ್ಪ ವಾಷರೇನಾದರೂ ಕೊಟ್ಟಿದ್ದನೋ ಏನೋ ಎಂದು ಚೀಲವನ್ನು ನೆಲಕ್ಕೆ ಸುರಿದಳು.

ಮೆಕ್ಯಾನಿಕ್ಕುಗಳು ಏನನ್ನೂ ಎಸೆಯುವುದಿಲ್ಲ. ಬಿಚ್ಚಿದ್ದೆಲ್ಲ ಚೀಲಕ್ಕೆ. ಎರಡು ನಟ್ಟು, ಒಂದು ವಾಷರು, ಕತ್ತರಿಸಿದ ರಬ್ಬರಿನ ಚೂರು, ಕೊನೆಗೆ ಒಂದು ತುಂಡು ಕಟ್ಟುವ ತಂತಿ. ಅದನ್ನು ಪಕ್ಕಕ್ಕೆ ತಳ್ಳಿದವಳು ಮತ್ತೆ ಕೈಗೆ ಎತ್ತಿಕೊಂಡಳು. ಎರಡೆಳೆ ಸೇರಿಸಿ ಹೊಸೆದ ತಂತಿ. ಒಂದು ಕಡೆ ಚಪ್ಪಟೆಯಾಗಿ ಸುತ್ತಿಕೊಂಡಿದೆ, ಇನ್ನೊಂದು ಕಡೆ ದುಂಡಗೆ ಸುತ್ತಿ ತುಂಡಾಗಿದೆ. ಚಪ್ಪಟೆ ಸುತ್ತಿಗೆ ಬ್ರೇಕಿನ ತೋಳನ್ನು ತೂರಿಸಿದಳು, ಸರಿಯಾಗಿ ಕೂತಿತು. ದುಂಡನೆಯ ಸುತ್ತನ್ನು ಕೊಳವೆಗೆ ಹಿಡಿದಳು, ಅದೂ ಕೂತಿತು. ಅದರ ಒಳಬದಿಯಲ್ಲಿ ಹಳದಿ ಬಣ್ಣದ ಚೂರು ಮೆತ್ತಿತ್ತು. ಸೈಕಲ್ಲಿಗೆ ಆ ಹಳದಿ ಬಳಿದವಳು ಅವಳೇ.

ತಂತಿ ಕಟ್ಟಿದ್ದ! ತುಂಬಿದ ಟ್ರೇ, ಆ ಇಳಿಜಾರು, ಒಂದು ಜೀವ, ಎಲ್ಲವನ್ನೂ ಹೂವಿನ ಕುಂಡ ನೇತುಹಾಕುವ ತಂತಿಯಲ್ಲಿ ಕಟ್ಟಿ ಕಳಿಸಿದ್ದ. ಅದು ಒಂಬತ್ತು ದಿನ ತಡೆದಿದ್ದೇ ಹೆಚ್ಚು. ಮುರಿದದ್ದನ್ನು ಎಲ್ಲರಿಗಿಂತ ಮೊದಲು ಬಂದು ನೋಡಿದ, ಹೊತ್ತುಕೊಂಡು ಹೋದ, ಸ್ಪ್ರಾಕೆಟ್ಟು ಬಿಚ್ಚಿದ, ಹಳೆಯ ಕ್ಲಾಂಪನ್ನು ಹಳೆಯ ಜಾಗಕ್ಕೆ ಹಾಕಿದ. ಸ್ಪ್ರಾಕೆಟ್ಟು ಇಲ್ಲದಿದ್ದರೆ ತೋಳು ಲಕ್ಷಣವಾಗಿ ಕೂರುತ್ತದಲ್ಲ! ಕೈ ತೊಳೆದುಕೊಂಡು ಆಸ್ಪತ್ರೆಗೆ ಬಂದು ಮಂಚದ ತುದಿಯಲ್ಲಿ ಕೂತು ಅವಳ ಕಾಲಿನ ಮೇಲೆ ಗೂಬೆ ಕೂರಿಸಿದ.

ಅವಳು ಸ್ಪ್ಯಾನರನ್ನು ಎಸೆದ ರಭಸಕ್ಕೆ ಹಿತ್ತಲಿನ ಬಕೆಟ್ಟು ಸೀಳಿತು. ಸದ್ದಿಗೆ ಅಮ್ಮ ಬಾಗಿಲಿಗೆ ಬಂದಳು. ಮಗಳ ಕೈಯಲ್ಲಿದ್ದ ತಂತಿ ನೋಡಿದಳು. ಏನದು ಎಂದು ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೇ ಮಗಳಿಗೆ ಗೊತ್ತಾಗಿಹೋಯಿತು.

"ನಿಂಗೆ ಗೊತ್ತಿತ್ತು," ಎಂದಳು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅವತ್ತು ರಾತ್ರಿನೇ ಬಂದು ಹೇಳ್ದ ಕಣೇ. ಮಗು ಥರ ಅತ್ತ. ಉದ್ದದ ಕ್ಲಾಂಪ್ ಸಿಗೋವರ್ಗೂ ಎರಡು ದಿನ ಅಂತ ಕಟ್ಟಿದ್ನಂತೆ, ಕೆಲಸದ ಗಡಿಬಿಡೀಲಿ ಮರ್ತೇ ಹೋಯ್ತಂತೆ."

"ಹೇಳೋದಕ್ಕೇನಾಗಿತ್ತು?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಯಜಮಾನ್ರ ಮೂರು ವ್ಯಾನೂ ಅವನ ಹತ್ರಾನೇ ಬರೋದು. ಅಕ್ಕನ ಗಾಡೀನೇ ನೆಟ್ಟಗೆ ಮಾಡದವ್ನು ಅಂತ ಊರೆಲ್ಲ ಆಡ್ಕೊಂಡ್ರೆ ಅವನ ಗ್ಯಾರೇಜಿನ ಗತಿ ಏನು? ಹೆಂಡ್ತಿ ಮಕ್ಕಳಿರೋನು. ನಿಂಗೇನೇ, ಮೂಳೆ ಕೂಡ್ಕೊಂಡ್ತಲ್ಲ."

"ನಾನು ಸ್ಟೂಲ್ ಮೇಲೆ ಕೂತು ಕಾಲಾಡಿಸ್ತಿದ್ನಲ್ಲಮ್ಮಾ," ಎಂದಳು ಅವಳು. "ಒಂದೂವರೆ ತಿಂಗಳು. ನಿನ್ನ ಕಣ್ಮುಂದೆ. ನನ್ನ ಕಾಲಿಗೆ ನಾನೇ ಹೊಡ್ಕೊಳ್ತಿದ್ದೆ. ನೀನು ಬೀನ್ಸ್ ಹೆಚ್ತಾ ಕೂತಿದ್ದೆ."

ಅಮ್ಮ ಒಳಗೆ ಹೋದಳು. ಮಗನ ಮಾನ ಉಳಿಸಲು ಮಗಳ ಕಾಲನ್ನು ಕೊಟ್ಟವಳು! ತಪ್ಪು ಯಾರು ಮಾಡುವುದಿಲ್ಲ? ತಂತಿ ಕಟ್ಟಿ ಮರೆತಿದ್ದನ್ನು ಅವಳು ಒಂದು ದಿನ ಬೈದು ಎರಡನೇ ದಿನ ಮರೆತುಬಿಡುತ್ತಿದ್ದಳು. ಆದರೆ ಗೊತ್ತಿದ್ದೂ ಗೊತ್ತಿದ್ದೂ ತಿಪ್ಪೆ ಸಾರಿಸಿದ್ದು, ಅವಳ ಮೈಯ ಮೇಲೆ ಅವಳಿಗೇ ನಂಬಿಕೆ ಇಲ್ಲದಂತೆ ಮಾಡಿದ್ದು, ಅದನ್ನು ಯಾವ ಲೆಕ್ಕಕ್ಕೆ ಹಾಕಬೇಕು?

ಅವಳು ಮತ್ತೆ ಕೆಲಸಕ್ಕೆ ಕೂತಳು. ಹಿತ್ತಲ ಕಟ್ಟೆಗೆ ಅಪ್ಪ ಬಿಗಿದಿದ್ದ ವೈಸಿನ ಕಬ್ಬಿಣದ ದವಡೆಗೆ ಬ್ರೇಕಿನ ತೋಳನ್ನು ಕಚ್ಚಿಸಿ, ಹಬ್ಬಿನ ಹತ್ತಿರ ಹೊರಕ್ಕೆ ಒಂದು ಬಾಗು, ತುದಿಯಲ್ಲಿ ಒಳಕ್ಕೆ ಒಂದು ಬಾಗು ಕೊಟ್ಟಳು. ಸುತ್ತಿಗೆಯ ಒಂದೊಂದು ಏಟಿಗೂ ಬಾಯಿಗೆ ಬಂದ ಬೈಗುಳ ಬಿತ್ತು. ಅಪ್ಪನನ್ನೂ ಬಿಡಲಿಲ್ಲ, ಅಂಗಡಿ ಬರೆದುಕೊಟ್ಟಿದ್ದಕ್ಕೆ. ಹಾಕಿ ನೋಡಿದಳು, ತೆಗೆದು ಇನ್ನಷ್ಟು ಬಾಗಿಸಿದಳು. ನಾಲ್ಕನೇ ಸಲಕ್ಕೆ ತೋಳು ಬೋಲ್ಟುಗಳನ್ನು ತಪ್ಪಿಸಿಕೊಂಡು ಹೋಗಿ ಕ್ಲಾಂಪಿನೊಳಗೆ ತಾನಾಗಿ ಬಂದು ಕೂತಿತು. ಒಳಗೆ ಗಡಿಯಾರ ನೋಡಿದಳು. ಪೂರಾ ಒಂದು ಗಂಟೆ ಹಿಡಿದಿತ್ತು. ಅವನು ಉಳಿಸಿಕೊಂಡಿದ್ದು ಈ ಒಂದು ಗಂಟೆಯನ್ನು. ಸಿಟ್ಟು ಇಳಿಯುವ ಬದಲು ಇನ್ನೂ ಏರಿತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಮೋಟಾರು ಒಂದೇ ಸಲಕ್ಕೆ ಹತ್ತಿಕೊಂಡಿತು. ಬೇಕರಿಯ ಹಿಂದಿನ ಓಣಿಯಲ್ಲಿ ಇಳಿದು, ಬ್ಯಾಗಿನಿಂದ ಸ್ಪ್ಯಾನರು ತೆಗೆದು ಕ್ಲಾಂಪು ಬಿಚ್ಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡಳು. ಮನೆಯಿಂದ ತಂದಿದ್ದ ಹೊಸ ತಂತಿಯಲ್ಲಿ ತೋಳನ್ನು ಕೊಳವೆಗೆ ಕಟ್ಟಿದಳು. ಎರಡೆಳೆ, ಅವನು ಕಟ್ಟಿದ ಹಾಗೇ. ಅಲ್ಲಿಂದ ತಳ್ಳಿಕೊಂಡು ಬೇಕರಿಯ ಮುಂದೆ, ಇಳಿಜಾರು ಶುರುವಾಗುವ ಅಂಚಿನಲ್ಲಿ ತಂದು ನಿಲ್ಲಿಸಿದಳು.

ತಮ್ಮ ಆಗಲೇ ಯಜಮಾನರ ವ್ಯಾನಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಯಜಮಾನರು ಚಹಾ ಲೋಟ ಹಿಡಿದು ಹೊರಗೆ ಬಂದರು. ಒಲೆಯವನು, ಮೇಜಿನ ಹೆಂಗಸರು, ವ್ಯಾನಿನವರು, ಎಲ್ಲ ಬಂದರು. ಬ್ರೇಕಿಲ್ಲದಕ್ಕನ ಸವಾರಿ ಯಾರಿಗೆ ಬೇಡ?

"ಯಾರು ಹಾಕಿದ್ದು ಇದನ್ನ?" ಎಂದರು ಯಜಮಾನರು, ಸ್ಪ್ರಾಕೆಟ್ಟು ನೋಡಿ.

"ನಾನೇ."

"ಪರವಾಗಿಲ್ವೇ! ಎಲ್ಲಿ, ನಿನ್ನ ತಮ್ಮ ಒಂದ್ಸಲ ನೋಡ್ಲಿ."

"ನೋಡೋದೇನು ಬಂತು. ಒಂದ್ಸಲ ಕೆಳಗೆ ಹೋಗಿ ಬರ್ಲಿ," ಎಂದಳು. "ಬಾರೋ, ಹತ್ತು."

ಅವನು ನಗುತ್ತಾ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ. ಬಗ್ಗಿ ಚಕ್ರ ನೋಡಿದ. ತಂತಿ ಕಂಡಿತು. ನಗು ಹಾಗೇ ಮುಖದ ಮೇಲೆ ಉಳಿದು ಅದರ ಹಿಂದಿನ ರಕ್ತವೆಲ್ಲ ಇಳಿದುಹೋಯಿತು. ತಲೆ ಎತ್ತಿ ಅಕ್ಕನ ಕಣ್ಣು ನೋಡಿದ, ಅಲ್ಲಿ ಎಲ್ಲ ಬರೆದಿತ್ತು.

"ಅಕ್ಕಾ, ಒಳಗೆ ಬಾ, ಮಾತಾಡೋಣ," ಎಂದ ಮೆಲ್ಲಗೆ.

"ಇಲ್ಲೇ ಮಾತಾಡು. ಗಾಡಿ ಸರಿ ಇದ್ಯೋ ಇಲ್ವೋ? ಸರಿ ಇದ್ರೆ ಹತ್ತು. ಇಲ್ಲಾಂದ್ರೆ ಯಾಕಿಲ್ಲ ಅಂತ ಯಜಮಾನ್ರಿಗೆ ಹೇಳು."

"ಏನ್ರಪ್ಪಾ ಇದು?" ಎಂದರು ಯಜಮಾನರು.

ಹೇಳುತ್ತಾನೆ ಎಂದುಕೊಂಡಿದ್ದಳು. ಇಡೀ ರಾತ್ರಿ ಹೊರಳಾಡಿ ಹೊಂಚಿದ್ದು ಅದೇ: ತಂತಿ ನೋಡುತ್ತಾನೆ, ಹೆದರುತ್ತಾನೆ, ಬಾಯಿ ಬಿಡುತ್ತಾನೆ. ಅವನು ಸುತ್ತ ನಿಂತವರನ್ನು ನೋಡಿದ. ವ್ಯಾನಿನ ಕಡೆ ನೋಡಿದ. ಹಲ್ಲು ಕಚ್ಚಿಕೊಂಡ. ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಕಾಲೆತ್ತಿ ಸೀಟಿನ ಮೇಲೆ ಕೂತುಬಿಟ್ಟ.

ಕೂತು ನೆಲಕ್ಕೆ ಕಾಲು ಒದ್ದ.

ಸೈಕಲ್ಲು ಒಂದು ಮಾರು ಮುಂದಕ್ಕೆ ಹೋಗಿ ಗಕ್ಕನೆ ನಿಂತಿತು. ಅವಳು ಎರಡೂ ಕೈಯಲ್ಲಿ ಹಿಂದಿನ ಕ್ಯಾರಿಯರ್ ಹಿಡಿದಿದ್ದಳು. ಯಾವಾಗ ಹಿಡಿದಳೋ ಅವಳಿಗೇ ಗೊತ್ತಿಲ್ಲ. ಕೂಡಿದ್ದ ಮೂಳೆಯಲ್ಲಿ ಕಣ್ಣು ಕತ್ತಲೆ ಬರುವಂಥ ನೋವು. ಅವನು ಇನ್ನೊಂದು ಸಲ ಒದ್ದ. ಅವಳ ಚಪ್ಪಲಿ ಜಾರಿತು, ಕೈ ಬಿಡಲಿಲ್ಲ.

"ಬಿಡಕ್ಕಾ!"

"ಸಾಯ್ತೀಯಾ ಕಣೋ!" ಎಂದು ಅವಳು ಕಿರುಚಿದಳು. "ಒಂದು ಮಾತು ಹೇಳೋದಕ್ಕಿಂತ ಸಾಯೋದೇ ಸುಲಭ ಆಯ್ತಾ ನಿಂಗೆ? ಥೂ ನಿನ್ನ! ನೋಡು, ನಾನು ಬಿಡ್ತಿಲ್ಲ. ಭುಜ ಕಿತ್ತು ಬಂದ್ರೂ ಬಿಡಲ್ಲ. ನೀನು ನನ್ನ ಬಿಟ್ಟು ಕಳಿಸ್ದೆ. ತಂತಿ ಕಟ್ಟಿದ್ದು ಗೊತ್ತಿದ್ದೂ ಒಂಬತ್ತು ದಿನ ಬಿಟ್ಟು ಕಳಿಸ್ದೆ!"

ಯಜಮಾನರ ಚಹಾ ಲೋಟ ವಾಲಿ ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ತಮ್ಮನ ಕಾಲು ನೆಲಕ್ಕೆ ಬಂತು. ಹ್ಯಾಂಡಲ್ಲಿನ ಮೇಲೆ ತಲೆ ಇಟ್ಟ.

"ನಂದೇ ತಪ್ಪು," ಎಂದ.

"ಕೇಳಿಸ್ಲಿಲ್ಲ."

"ನಂದೇ ತಪ್ಪು," ಎಂದು ತಲೆ ಎತ್ತಿ ಜೋರಾಗಿ ಹೇಳಿದ, ಯಜಮಾನರ ಮುಖ ನೋಡಿ. "ಕ್ಲಾಂಪ್ ಹಾಕಿರ್ಲಿಲ್ಲ, ತಂತಿ ಕಟ್ಟಿದ್ದೆ. ಅದು ತುಂಡಾಯ್ತು. ಅಕ್ಕ ಸರಿಯಾಗೇ ತುಳಿದಿದ್ಲು."

ಅಷ್ಟೇ. ಅಷ್ಟು ಮಾತಿಗೆ ಒಂದೂವರೆ ತಿಂಗಳು. ಮೇಜಿನ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಒಲೆಯವನು ತಲೆ ತಗ್ಗಿಸಿ ಒಳಗೆ ಹೋದ, ಆ ಹೆಸರಿಟ್ಟವನು ಅವನೇ. ಯಜಮಾನರು ತಮ್ಮನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ವ್ಯಾನಿನ ಬಾನೆಟ್ ಮುಚ್ಚು. ಆಮೇಲೆ ನೋಡೋಣ," ಎಂದರು.

ಸೈಕಲ್ಲಿನಿಂದ ತಮ್ಮ ಇಳಿದ. ಅವಳು ಇನ್ನೂ ಕ್ಯಾರಿಯರ್ ಹಿಡಿದೇ ನಿಂತಿದ್ದಳು. ಬಿಡಬೇಕೆಂದರೂ ಬೆರಳು ಬಿಡುತ್ತಿರಲಿಲ್ಲ, ಬೆಳ್ಳಗೆ ಸೆಟೆದುಕೊಂಡಿದ್ದವು. ಅವನು ಅದನ್ನು ನೋಡಿ, ಅಳುತ್ತಾ, ಬಿಡಿಸಲು ಕೈ ಚಾಚಿದ.

"ಮುಟ್ಬೇಡ," ಎಂದಳು.

ಒಂದು ಕೈಯನ್ನು ಹೇಗೋ ಕಿತ್ತುಕೊಂಡಳು. ಅದರಿಂದ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ತಾನೇ ಬಿಡಿಸಿದಳು. ಕೂತು ತಂತಿ ಕತ್ತರಿಸಿದಳು, ಕ್ಲಾಂಪು ಹಾಕಿ ಬೋಲ್ಟು ಬಿಗಿದಳು, ತೋಳನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಅವನು ಅಲ್ಲೇ ಕಂಬದಂತೆ ನಿಂತಿದ್ದ. ಅವಳು ಎದ್ದು, ಕಣ್ಣು ಒರೆಸಿಕೊಳ್ಳದೆ, ಬೇಕರಿಯ ಬಾಗಿಲಿಗೆ ತಿರುಗಿ ಗದರಿದಳು:

"ಏನು ಎಲ್ಲ ಬಾಯಿ ಬಿಟ್ಕೊಂಡು ನಿಂತಿದೀರಿ? ಟ್ರೇ ತುಂಬಿಸಿ. ಆಸ್ಪತ್ರೆಗೆ ಆಗ್ಲೇ ಹೊತ್ತಾಯ್ತು."